‘ಇದರಲ್ಲಿ ಬಂಗಾರಪೇಟೆ ಯಾವ ಕಡೆ?’: ಹಳೇ ರೈಲು ಸ್ಟೇಷನ್‌ಗಳ ಫೋಟೊ ತೆಗೆದ ಹದಿನಾಲ್ಕು ತಿಂಗಳು

ಹೋದ ಭಾನುವಾರ ಕೊನೆಯ ಪ್ರಿಂಟ್‌ಗಳನ್ನು ಹಂಚಿ ಬಂದೆ. ಇನ್ನು ಈ ಕೆಲಸ ಮುಗೀತು ಅಂತ ಹೇಳಬಹುದು. ಯಲಹಂಕದಿಂದ ದೇವನಹಳ್ಳಿ, ಚಿಕ್ಕಬಳ್ಳಾಪುರ, ಶಿಡ್ಲಘಟ್ಟ, ಚಿಂತಾಮಣಿ, ಶ್ರೀನಿವಾಸಪುರ, ಕೋಲಾರ ದಾಟಿ ಬಂಗಾರಪೇಟೆ. ಅಲ್ಲಿಂದ ಕೆಜಿಎಫ್ ಕಡೆಗೆ ತಿರುಗಿ ಮಾರಿಕುಪ್ಪಂ. ಈ ದಾರಿಯಲ್ಲಿ ಉಳಿದಿರುವ ಹಳೇ ಸ್ಟೇಷನ್ ಕಟ್ಟಡ, ಹಳಿ ಕೆಳಗೆ ನೀರು ಹರಿಯುವ ಮೋರಿ, ಗೇಟು, ಕಂಬ, ಬೆಂಚು, ತಕ್ಕಡಿ ಎಲ್ಲದರ ಫೋಟೊ ತೆಗೆದು ಲೆಕ್ಕ ಬರೆದಿಡಬೇಕು ಅಂತ ಹೊರಟಿದ್ದೆ.

ಎರಡು ತಿಂಗಳು ಸಾಕು ಅಂದುಕೊಂಡಿದ್ದೆ. ಹದಿನಾಲ್ಕು ತಿಂಗಳು ಹಿಡಿಯಿತು. ಅದರಲ್ಲಿ ಕ್ಯಾಮೆರಾ ಕೈಯಲ್ಲಿ ಹಿಡಿದಿದ್ದು ಬರೀ ಇಪ್ಪತ್ತಾರು ದಿನ. ಮಿಕ್ಕಿದ್ದೆಲ್ಲ ಅರ್ಜಿ ಬರೆಯುವುದು, ಕಾಯುವುದು, ಹೋದ ಕಡೆಗೇ ಮತ್ತೆ ಹೋಗುವುದು. ಇದೇ ಹುಚ್ಚು ಹತ್ತಿದ ಮೂರು ಜನ ಈಗಾಗಲೇ ಫೋನ್ ಮಾಡಿ ‘ಹೇಗೆ ಶುರು ಮಾಡೋದು?’ ಅಂತ ಕೇಳಿದ್ದಾರೆ. ಮೂವರಿಗೂ ಅದನ್ನೇ ಹೇಳಿ ಹೇಳಿ ಬಾಯಿ ಒಣಗಿತು. ಅದಕ್ಕೇ ಬರೆದಿಡುತ್ತಿದ್ದೇನೆ.

ಶುರುವಾಗಿದ್ದು ಬೇರೊಂದು ಲೈನಿನ ಸಣ್ಣ ಸ್ಟೇಷನ್ನಿನಲ್ಲಿ. ಅಲ್ಲಿ ಸ್ಟೇಷನ್ ಮಾಸ್ಟರ್ ರೂಮಿನಲ್ಲಿ ಕೆಂಪು ಬಣ್ಣದ ಬಾಲ್ ಟೋಕನ್ ಪೆಟ್ಟಿಗೆ ಇತ್ತು. ಈ ಕಡೆಯ ಮಾಸ್ಟರು ಆ ಕಡೆಯ ಮಾಸ್ಟರಿಗೆ ಗಂಟೆ ಬಾರಿಸಿ ಕೇಳಬೇಕು, ಅವರು ಒಪ್ಪಿಗೆ ಕೊಡಬೇಕು, ಆಗ ಇಲ್ಲೊಂದು ಉಕ್ಕಿನ ಗುಂಡು ಹೊರಗೆ ಬೀಳುತ್ತದೆ. ಆ ಗುಂಡನ್ನು ಚೀಲದಲ್ಲಿ ಹಾಕಿ, ಬಳೆಗೆ ಸಿಕ್ಕಿಸಿ ಡ್ರೈವರ್ ಕೈಗೆ ಕೊಡುತ್ತಾರೆ. ಗುಂಡು ಕೈಯಲ್ಲಿಲ್ಲದೆ ಒಂಟಿ ಹಳಿಯ ಮೇಲೆ ಗಾಡಿ ಮುಂದಕ್ಕೆ ಹೋಗುವ ಹಾಗಿಲ್ಲ. ಡಿಸೆಂಬರ್‌ನಲ್ಲಿ ಕಿಟಕಿಯಿಂದ ನೋಡಿ ಬಂದಿದ್ದೆ. ಇನ್ನೊಮ್ಮೆ ಬಂದು ಸರಿಯಾಗಿ ಫೋಟೊ ತೆಗೆಯೋಣ ಅಂತ ಬಿಟ್ಟೆ. ಮಾರ್ಚ್‌ನಲ್ಲಿ ಹೋದರೆ ನೆಲದ ಮೇಲೆ ನಾಲ್ಕು ಬೋಲ್ಟು, ಸುತ್ತಲೂ ಸವೆದ ನೆಲದ ನಡುವೆ ಸವೆಯದೆ ಉಳಿದ ಒಂದು ಚೌಕ. ಅಷ್ಟೇ. ‘ಸ್ಕ್ರ್ಯಾಪಿಗೆ ಹೋಯ್ತಲ್ಲ ಸಾರ್’ ಅಂದರು ಅಲ್ಲಿದ್ದವರು, ಹಳೇ ಫ್ಯಾನ್ ಹೋಯಿತು ಅನ್ನೋ ಹಾಗೆ.

ಆ ಸಿಟ್ಟಿಗೆ ನಮ್ಮ ಕಡೆಯ ಲೈನನ್ನಾದರೂ ಹಿಡಿದಿಡೋಣ ಅಂತ ಕೂತೆ. ಈ ಲೈನ್ ಆರಿಸಿಕೊಂಡಿದ್ದಕ್ಕೆ ಕಾರಣ ಇದೆ. ಬಂಗಾರಪೇಟೆಯಿಂದ ಕೋಲಾರಕ್ಕೆ 1913ರಲ್ಲಿ ನ್ಯಾರೋಗೇಜ್ ಬಂತು. ಹಳಿಯಿಂದ ಹಳಿಗೆ ಎರಡೂವರೆ ಅಡಿ, ಅಂದರೆ 762 ಮಿಲಿಮೀಟರ್. ಬೆಂಗಳೂರು ಕಡೆಯಿಂದ ದೇವನಹಳ್ಳಿ ಮೇಲೆ ಚಿಕ್ಕಬಳ್ಳಾಪುರಕ್ಕೆ ಅದೇ ಅಳತೆಯ ಇನ್ನೊಂದು ಲೈನ್ ಬಂದು, ಮುಂದೆ ಎರಡೂ ಕೂಡಿಕೊಂಡವು. ಈಗ ಪೂರಾ ಬ್ರಾಡ್‌ಗೇಜ್, 1676 ಮಿಲಿಮೀಟರ್. ಚಿಕ್ಕಬಳ್ಳಾಪುರ–ಕೋಲಾರ ಭಾಗ ಕೊನೆಗೆ, 2013ರಲ್ಲಿ, ದೊಡ್ಡ ಹಳಿಗೆ ತೆರೆಯಿತು. ಹಾಗಾಗಿ ಸಣ್ಣ ಗಾಡಿಯ ಕಾಲದ ಕಲ್ಲಿನ ಕಟ್ಟಡದ ಮುಂದೆ ದೊಡ್ಡ ಗಾಡಿ ಬಂದು ನಿಲ್ಲುವುದನ್ನು ಈ ದಾರಿಯಲ್ಲಿ ನೋಡಬಹುದು. ಮಾರಿಕುಪ್ಪಂ ಕವಲಿನದ್ದು ಬೇರೆಯೇ ಜಾತಕ. 1894ರಲ್ಲಿ ಚಿನ್ನದ ಗಣಿಗೆ ಅಂತ ಹಾಕಿದ್ದು.

ಅರ್ಜಿ ಪರ್ವ

ಪ್ಲಾಟ್‌ಫಾರಂ ಟಿಕೆಟ್ ಹತ್ತು ರೂಪಾಯಿ ಕೊಟ್ಟರೆ ಒಳಗೆ ಹೋಗಬಹುದು, ಫೋನಿನಲ್ಲಿ ನಾಲ್ಕು ಫೋಟೊ ತೆಗೆದರೆ ಸಾಮಾನ್ಯವಾಗಿ ಯಾರೂ ಏನೂ ಅನ್ನುವುದಿಲ್ಲ. ಟ್ರೈಪಾಡು, ದೊಡ್ಡ ಲೆನ್ಸು, ಅಳತೆ ಟೇಪು ಹಿಡಿದು ಗಂಟೆಗಟ್ಟಲೆ ಗೋಡೆ ಮುಂದೆ ನಿಂತರೆ ಕಥೆ ಬೇರೆ. ಹೀಗಾಗಿ ಜೂನ್‌ನಲ್ಲಿ ಅನುಮತಿಗೆ ಬರೆದೆ. ನೈಋತ್ಯ ರೈಲ್ವೆಯ ಮುಖ್ಯ ಕಚೇರಿ ಹುಬ್ಬಳ್ಳಿಯಲ್ಲಿದೆ, ಕೆಳಗೆ ಹುಬ್ಬಳ್ಳಿ, ಬೆಂಗಳೂರು, ಮೈಸೂರು ಅಂತ ಮೂರು ವಿಭಾಗ. ನಿಮ್ಮ ಲೈನ್ ಯಾವ ವಿಭಾಗಕ್ಕೆ ಬರುತ್ತದೆ ಅಂತ ಮೊದಲು ಖಚಿತ ಮಾಡಿಕೊಳ್ಳಿ. ನಾನು ಮೊದಲ ಕಾಗದವನ್ನು ತಪ್ಪು ಬಾಗಿಲಿಗೆ ಹಾಕಿದೆ. ಅದು ಅಲ್ಲಿಂದ ಇಲ್ಲಿಗೆ, ಇಲ್ಲಿಂದ ಅಲ್ಲಿಗೆ ಓಡಾಡಿ ಐದು ವಾರ ಆಯಿತು.

ಆಮೇಲೆ ಸರಿಯಾದ ಬಾಗಿಲಿಗೆ ಹೋದರೂ ವಾಪಸ್ ಬಂತು. ತಪ್ಪು ನನ್ನದೇ. ‘ಈ ಮಾರ್ಗದ ಎಲ್ಲಾ ಸ್ಟೇಷನ್‌ಗಳಲ್ಲಿ, ಅನುಕೂಲವಾದ ದಿನ’ ಅಂತ ಬರೆದಿದ್ದೆ. ಅನುಕೂಲವಾದ ದಿನಕ್ಕೆ ಸಹಿ ಹಾಕುವ ಅಧಿಕಾರಿ ಯಾವ ಕಚೇರಿಯಲ್ಲೂ ಇಲ್ಲ. ಗುಮಾಸ್ತರೊಬ್ಬರು ಕೂರಿಸಿ ಹೇಳಿದರು: ‘ಸಾರ್, ಯಾವ ತಾರೀಕು, ಯಾವ ಸ್ಟೇಷನ್, ಎಷ್ಟು ಗಂಟೆಯಿಂದ ಎಷ್ಟು ಗಂಟೆ, ಎಷ್ಟು ಜನ. ಒಂದು ಟೇಬಲ್ ಮಾಡ್ಕೊಂಡು ಬನ್ನಿ.’ ಆ ಮಾತು ಮೊದಲ ದಿನ ಯಾರಾದರೂ ಹೇಳಿದ್ದರೆ ಎರಡು ತಿಂಗಳು ಉಳಿಯುತ್ತಿತ್ತು. ಈಗ ನಿಮಗೆ ಹೇಳಿದ್ದೇನೆ.

ಕೊನೆಗೆ ನಡೆದ ಅರ್ಜಿಯಲ್ಲಿ ಇಷ್ಟಿತ್ತು: ಒಂದು ಪುಟ ಮೀರದ ಕಾಗದ, ತಾರೀಕಿನ ಪಟ್ಟಿ, ಆಧಾರ್ ನಕಲು, ಎರಡು ಫೋಟೊ, ಕ್ಯಾಮೆರಾ ಮತ್ತು ಲೆನ್ಸಿನ ಸೀರಿಯಲ್ ನಂಬರ್, ಮತ್ತೊಂದು ಮುಚ್ಚಳಿಕೆ. ಹಳಿಗೆ ಇಳಿಯುವುದಿಲ್ಲ, ಗಾಡಿ ಓಡಾಟಕ್ಕೆ ಅಡ್ಡಿ ಮಾಡುವುದಿಲ್ಲ, ಚಿತ್ರಗಳನ್ನು ಮಾರುವುದಿಲ್ಲ, ಏನಾದರೂ ಆದರೆ ನಾನೇ ಹೊಣೆ ಅಂತ ಅದರಲ್ಲಿ ಬರೆದುಕೊಟ್ಟೆ. ಸಿನಿಮಾ, ಜಾಹೀರಾತಿಗೆ ದಾರಿಯೂ ಬೇರೆ, ದುಡ್ಡೂ ಬೇರೆ. ನಿಮ್ಮದು ಅದಲ್ಲ ಅಂತ ಮೊದಲ ಸಾಲಿನಲ್ಲೇ ಹೇಳಿಬಿಡಿ. ಇನ್ನೊಂದು ಮಾತು, ಡ್ರೋನ್ ವಿಷಯ ಎತ್ತಲೇಬೇಡಿ. ನಾನು ಮೊದಲ ಅರ್ಜಿಯಲ್ಲಿ ಸುಮ್ನೆ ಒಂದು ಪದ ಬರೆದಿದ್ದೆ. ಅದನ್ನು ಹೊಡೆದು ಹಾಕಿಸಲು ಇನ್ನೊಂದು ಓಡಾಟ. ಮೇಲಾಗಿ ದೇವನಹಳ್ಳಿ, ದೊಡ್ಡಜಾಲದ ಪಕ್ಕದಲ್ಲೇ ವಿಮಾನ ನಿಲ್ದಾಣ ಇದೆ. ಅಲ್ಲಿ ಡ್ರೋನ್ ಅನ್ನೋದು ಜೋಕ್ ಅಲ್ಲ.

ಅಕ್ಟೋಬರ್ ಮೊದಲ ವಾರ ಅನುಮತಿ ಬಂತು. ಸತತ ಹದಿನೈದು ದಿನ. ಅಂದರೆ ಹಿಂಗಾರು ಮಳೆ ಸರಿಯಾಗಿ ಹಿಡಿದುಕೊಳ್ಳುವ ಹೊತ್ತು. ಆರು ದಿನ ಮನೆಯಲ್ಲಿ ಕೂತು ಮಳೆ ನೋಡಿದೆ. ತಾರೀಕು ಬದಲಾಯಿಸಿ ಅಂತ ಕೇಳುವ ಧೈರ್ಯ ಬರಲಿಲ್ಲ. ನೀವು ಅರ್ಜಿ ಹಾಕುವಾಗ ಜನವರಿ, ಫೆಬ್ರುವರಿಯ ತಾರೀಕು ಹಾಕಿ. ಬೆಳಕೂ ಚೆನ್ನಾಗಿರುತ್ತದೆ, ಮೋರಿಗಳ ಸುತ್ತ ಪೊದೆಯೂ ಒಣಗಿರುತ್ತದೆ.

ಮೊದಲ ಸುತ್ತು

ಮೊದಲ ದಿನ ದೊಡ್ಡಜಾಲ, ದೇವನಹಳ್ಳಿ, ಆವತಿಹಳ್ಳಿ, ನಂದಿ ಹಾಲ್ಟ್. ನಾಲ್ಕನ್ನೂ ಒಂದೇ ದಿನ ಮುಗಿಸುವ ದುರಾಸೆ. ನಂದಿ ಹಾಲ್ಟ್‌ನಲ್ಲೇ ಅರ್ಧ ದಿನ ಹೋಯಿತು. ಬೆಟ್ಟದ ಬುಡದಲ್ಲಿ ಸಣ್ಣ ಕಲ್ಲಿನ ಕಟ್ಟಡ, ಮಂಗಳೂರು ಹೆಂಚು. ಹಳೇ ಕಟ್ಟಡ, ಪರಂಪರೆ ಉಳಿಸುವ ಸಂಸ್ಥೆ ಇಂಟ್ಯಾಕ್‌ನ ಬೆಂಗಳೂರು ಶಾಖೆಯವರು ಅದನ್ನು ಚೆನ್ನಾಗಿ ದುರಸ್ತಿ ಮಾಡಿಸಿದ್ದಾರೆ. ನೋಡಲು ಎಷ್ಟು ಚೆಂದ ಅಂದರೆ, ಅಲ್ಲಿ ಕೆಟ್ಟ ಫೋಟೊ ತೆಗೆಯುವುದೇ ಕಷ್ಟ. ಮದುವೆಗೆ ಮುಂಚಿನ ಫೋಟೊ ತೆಗೆಸಲು ಬಂದ ಒಂದು ಜೋಡಿ ಕಿಟಕಿಯ ಮುಂದೆ ನಿಂತಿತ್ತು. ಅವರ ಸೀರೆ ಬದಲಾಗುವವರೆಗೆ ನಾನು ಕಾಯುವುದು, ನನ್ನ ಟ್ರೈಪಾಡ್ ಏಳುವವರೆಗೆ ಅವರು ಕಾಯುವುದು. ಹುಡುಗನೇ ಬಂದು ‘ಅಣ್ಣ, ನೀವು ಯಾವ ಸ್ಟುಡಿಯೋ?’ ಅಂತ ಕೇಳಿದ.

ಹಾಲ್ಟ್‌ಗಳ ಬಗ್ಗೆ ಒಂದು ಮಾತು. ಇಂಥ ಕಡೆ ಸ್ಟೇಷನ್ ಮಾಸ್ಟರ್ ಇರುವುದಿಲ್ಲ. ಟಿಕೆಟ್ ಕೊಡುವುದು ಕಮಿಷನ್ ಮೇಲೆ ಕೆಲಸ ಮಾಡುವ ಏಜೆಂಟ್. ಗಾಡಿ ಬರುವ ಹೊತ್ತಿಗೆ ಬಂದು, ಟಿಕೆಟ್ ಕೊಟ್ಟು, ಬೀಗ ಹಾಕಿಕೊಂಡು ಹೋಗುತ್ತಾರೆ. ಒಳಗಿನ ಫೋಟೊ ಬೇಕು ಅಂದರೆ ಗಾಡಿ ಬರುವ ಮುಂಚಿನ ಅರ್ಧ ಗಂಟೆಯೇ ಗತಿ. ಆ ಅರ್ಧ ಗಂಟೆಯಲ್ಲಿ ಅವರಿಗೆ ಕೆಲಸ ಇರುತ್ತದೆ, ನಾವು ಅಡ್ಡ. ನಾನು ಹಿಂದಿನ ದಿನವೇ ಹೋಗಿ ಪರಿಚಯ ಮಾಡಿಕೊಂಡು ಬರಲು ಶುರು ಮಾಡಿದ ಮೇಲೆ ಎಲ್ಲ ಸಲೀಸಾಯಿತು.

ನಾಲ್ಕನೇ ದಿನ ಸಿಕ್ಕಿಬಿದ್ದೆ. ಸ್ವಲ್ಪ ದೊಡ್ಡ ಸ್ಟೇಷನ್, ಹೆಸರು ಬೇಡ. ಕ್ಯಾಮೆರಾ ಹೊರಗೆ ತೆಗೆದು ಐದು ನಿಮಿಷ ಆಗಿರಲಿಲ್ಲ, ಇಬ್ಬರು ಖಾಕಿಯವರು ಬಂದರು. ಅನುಮತಿ ಪತ್ರ ತೋರಿಸಿದೆ. ‘ನಮಗೆ ಏನೂ ಬಂದಿಲ್ಲ’ ಅಂದರು. ಅದು ನಿಜ. ಪತ್ರ ನನ್ನ ಜೇಬಿನಲ್ಲಿತ್ತು, ಅವರ ಟೇಬಲ್ ಮೇಲೆ ಇರಲಿಲ್ಲ. ಎರಡೂವರೆ ಗಂಟೆ ಬೆಂಚಿನ ಮೇಲೆ ಕೂರಿಸಿದರು. ಕ್ಯಾಮೆರಾ ಅವರ ಟೇಬಲ್ ಮೇಲೆ, ನನ್ನ ಕಣ್ಣು ಕ್ಯಾಮೆರಾ ಮೇಲೆ. ಹೋಗಿ ಬರುವವರೆಲ್ಲ ನನ್ನನ್ನು ಪಿಕ್‌ಪಾಕೆಟ್ ನೋಡೋ ಹಾಗೆ ನೋಡಿದರು. ನಡುವೆ ಒಬ್ಬರು ಟೀ ತಂದುಕೊಟ್ಟಿದ್ದೂ ನಿಜ. ಕೊನೆಗೆ ಫೋನ್ ಮೇಲೆ ಫೋನ್ ಹೋಗಿ, ‘ಸರಿ, ತೆಗೀರಿ’ ಅಂದರು. ಅಷ್ಟು ಹೊತ್ತಿಗೆ ಬಿಸಿಲು ಕಟ್ಟಡದ ಹಿಂದಕ್ಕೆ ಹೋಗಿತ್ತು.

ಅಂದಿನಿಂದ ಒಂದು ರೂಢಿ ಮಾಡಿಕೊಂಡೆ. ಬ್ಯಾಗಿನಲ್ಲಿ ಹತ್ತು ಝೆರಾಕ್ಸ್. ಇಳಿದ ಕೂಡಲೇ ಒಂದು ಸ್ಟೇಷನ್ ಮಾಸ್ಟರಿಗೆ, ಒಂದು ಪೊಲೀಸರಿಗೆ. ನನ್ನ ಪ್ರತಿಯ ಮೇಲೆ ಅವರಿಂದ ‘ನೋಡಿದೆ’ ಅಂತ ಒಂದು ಸಹಿ, ಹೊತ್ತು. ಆಮೇಲೆ ಕ್ಯಾಮೆರಾದ ಜಿಪ್ ತೆಗೆಯುವುದು. ಮತ್ತೆ ಒಮ್ಮೆಯೂ ತೊಂದರೆ ಆಗಲಿಲ್ಲ. ಒಬ್ಬ ಮಾಸ್ಟರು ಸಹಿ ಹಾಕುತ್ತಾ, ಹಳೇ ಕಾರ್ಡ್ ಟಿಕೆಟ್‌ಗೆ ತಾರೀಕು ಒತ್ತುತ್ತಿದ್ದ ಮಷೀನು ಬೀರುವಿನ ಹಿಂದೆ ಬಿದ್ದಿದೆ ಅಂತ ತಾವಾಗಿಯೇ ಹೇಳಿ ತೆಗೆಸಿಕೊಟ್ಟರು. ಧೂಳು ಒರೆಸಿ ಖಾಲಿ ರಟ್ಟಿನ ಚೂರೊಂದನ್ನು ಅದರೊಳಗೆ ತೂರಿಸಿ ಎಳೆದೆವು. ಟಕ್ ಅಂತು. ರಟ್ಟಿನ ಮೇಲೆ ಶಾಯಿ ಇಲ್ಲದ ಅಂಕಿಯ ಗುರುತು ಮೂಡಿತು. ಇಬ್ಬರೂ ಸ್ವಲ್ಪ ಹೊತ್ತು ಅದನ್ನೇ ನೋಡುತ್ತಾ ನಿಂತೆವು. ಆ ರಟ್ಟಿನ ಚೂರು ಅವರೇ ಇಟ್ಟುಕೊಂಡರು.

ಹಳಿಗೆ ಇಳಿಯುವ ವಿಷಯ ನೇರವಾಗಿ ಹೇಳಿಬಿಡುತ್ತೇನೆ. ಇಳಿಯಬೇಡಿ. ರೈಲ್ವೆ ಕಾಯ್ದೆ 1989ರ 147ನೇ ಕಲಮಿನ ಪ್ರಕಾರ ಅತಿಕ್ರಮಣಕ್ಕೆ ಆರು ತಿಂಗಳವರೆಗೆ ಜೈಲು ಅಥವಾ ಸಾವಿರ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಕಾನೂನು ಹಾಗಿರಲಿ, ಕರೆಂಟ್ ಗಾಡಿ ಸದ್ದಿಲ್ಲದೆ ಬಂದುಬಿಡುತ್ತದೆ. ಹಳೇ ಕಲ್ಲಿನ ಮೋರಿಗಳನ್ನೆಲ್ಲ ನಾನು ಕೆಳಗಿನ ಹೊಲದ ಕಡೆಯಿಂದಲೇ ತೆಗೆದಿದ್ದು. ಆ ಕಡೆಯಿಂದಲೇ ಕಮಾನು ಚೆನ್ನಾಗಿ ಕಾಣೋದು.

ಹೊಲದ ಕಡೆ ಹೋದರೆ ಇನ್ನೊಂದು ಪಜೀತಿ. ಕೈಯಲ್ಲಿ ಟೇಪು, ಕೆಂಪು-ಬಿಳಿ ಪಟ್ಟೆಯ ಒಂದು ಮೀಟರ್ ಕೋಲು, ನೋಟ್‌ಬುಕ್ಕು. ಶ್ರೀನಿವಾಸಪುರದ ಹತ್ತಿರ ಟೊಮೆಟೊ ಕೀಳುತ್ತಿದ್ದ ಒಬ್ಬ ತಾಯಿ ದೂರದಿಂದಲೇ ಕೂಗಿದರು: ‘ಏನ್ ಸಾಮಿ, ಯಾರ್ ಜಮೀನ್ ಅಳೀತಾ ಇದ್ದೀರಾ?’ ಫೋಟೊಗೆ ಅಂದೆ. ‘ಮೋರಿ ಫೋಟೊ ಯಾರ್ ತಗೀತಾರೆ ಸಾಮಿ, ಸುಳ್ ಹೇಳ್ಬೇಡಿ. ಇನ್ನೊಂದ್ ಲೈನ್ ಹಾಕ್ತಾರಂತೆ, ನಮ್ ಹೊಲ ಹೋಗುತ್ತಾ?’ ಹತ್ತು ನಿಮಿಷದಲ್ಲಿ ಏಳೆಂಟು ಜನ ಸೇರಿದರು. ಕ್ಯಾಮೆರಾದ ಪರದೆಯಲ್ಲಿ ಹಿಂದಿನ ಮೂವತ್ತು ಮೋರಿಗಳನ್ನು ಒಂದೊಂದಾಗಿ ತೋರಿಸಿದ ಮೇಲೆ ನಂಬಿದರು. ನಂಬಿದ ಮೇಲೆ ಕೊಟ್ಟ ಟೊಮೆಟೊ ಹೊರಲಾರದಷ್ಟು. ಇದು ಒಂದೇ ಊರಿನ ಕಥೆ ಅಲ್ಲ, ಟೇಪು ಹೊರಗೆ ತೆಗೆದ ಕಡೆಯೆಲ್ಲ ಇದೇ ಪ್ರಶ್ನೆ. ಅವರ ಹೆದರಿಕೆ ಸುಮ್ಮನೆ ಹುಟ್ಟಿದ್ದಲ್ಲ. ಆಮೇಲೆ ನಾನು ಮೊದಲು ಊರಿನ ಟೀ ಅಂಗಡಿಗೆ ಹೋಗಿ ಬಂದ ವಿಷಯ ಹೇಳಿ, ನಂತರವೇ ಹೊಲಕ್ಕೆ ಇಳಿಯುತ್ತಿದ್ದೆ.

ಬಂಗಾರಪೇಟೆ ಯಾವ ಕಡೆ?

ಅನುಮತಿ ಮುಗಿಯುವ ಹೊತ್ತಿಗೆ ಒಂಬತ್ತು ದಿನದ ಕೆಲಸ, ಆರುನೂರು ಚಿಲ್ಲರೆ ಫೋಟೊ. ನನಗೋ ಗೆದ್ದ ಸಂಭ್ರಮ. ಕೋಲಾರದಲ್ಲಿ ಒಬ್ಬ ಹಿರಿಯರಿದ್ದಾರೆ. ನ್ಯಾರೋಗೇಜ್ ಕಾಲದಲ್ಲಿ ಪಾಯಿಂಟ್ಸ್‌ಮನ್, ಅಂದರೆ ಗಾಡಿಗೆ ಹಳಿ ಬದಲಾಯಿಸಿ ಕೊಡುವ ಕೆಲಸದಲ್ಲಿ ಇದ್ದವರು, ಈಗ ಎಂಬತ್ತರ ಮೇಲೆ. ಅವರಿಗೆ ತೋರಿಸಲು ಲ್ಯಾಪ್‌ಟಾಪ್ ಹೊತ್ತುಕೊಂಡು ಹೋದೆ.

ಮೊದಲು ಅವರು ಹಳೇ ಗಾಡಿ ಕಥೆ ಹೇಳಿದರು. ಚಲಿಸುವ ಗಾಡಿಯಿಂದ ಇಳಿದು, ಹುಣಸೆಕಾಯಿ ಕಿತ್ತುಕೊಂಡು, ಓಡಿ ಹೋಗಿ ಮತ್ತೆ ಹತ್ತುತ್ತಿದ್ದ ಕಥೆ. ಸಣ್ಣ ಗಾಡಿ ಓಡಿದ ಎಲ್ಲ ಊರಿನಲ್ಲೂ ಈ ಕಥೆ ಇದೆ. ಹಣ್ಣು ಮಾತ್ರ ಬದಲಾಗುತ್ತದೆ.

ಆಮೇಲೆ ಫೋಟೊ. ಬೆಳಗಿನ ಮಂಜಿನಲ್ಲಿ ಬೆಂಚು. ಮಳೆ ಹನಿ ನಿಂತ ಕಬ್ಬಿಣದ ಕಂಬಿ. ತುಕ್ಕು ಹಿಡಿದ ಬೀಗ. ಅವರು ಕನ್ನಡಕ ಏರಿಸಿ ಒಂದೊಂದೇ ನೋಡಿದರು. ಒಂದು ಗೋಡೆಯ ಫೋಟೊದ ಮೇಲೆ ಬೆರಳಿಟ್ಟು ಕೇಳಿದರು:

‘ಇದರಲ್ಲಿ ಬಂಗಾರಪೇಟೆ ಯಾವ ಕಡೆ ನಾಯ್ನಾ?’

ಗೊತ್ತಿರಲಿಲ್ಲ. ಮುಂದಿನದಕ್ಕೂ ಅದೇ ಪ್ರಶ್ನೆ. ಅದಕ್ಕೂ ಗೊತ್ತಿರಲಿಲ್ಲ. ‘ಈ ಬೀಗ ಯಾವ ರೂಮಿಂದು?’ ಗೊತ್ತಿರಲಿಲ್ಲ. ಅವರು ಬೈಯಲಿಲ್ಲ. ‘ಚೆನ್ನಾಗವೆ’ ಅಂದು ಕನ್ನಡಕ ಇಳಿಸಿದರು. ಆ ‘ಚೆನ್ನಾಗವೆ’ ಕೇಳಿ ನನಗೆ ಮುಖ ಎತ್ತಲಾಗಲಿಲ್ಲ.

ಮನೆಗೆ ಬಂದು ಆರುನೂರನ್ನೂ ಮತ್ತೆ ನೋಡಿದೆ. ಇನ್ನೂರಕ್ಕೂ ಜಾಸ್ತಿ ಫೋಟೊಗಳು ಯಾವ ಸ್ಟೇಷನ್ನಿನವು ಅಂತ ನನಗೇ ಹೇಳಲು ಬರಲಿಲ್ಲ. ಕ್ಯಾಲೆಂಡರ್‌ಗೆ ಸರಿಹೋಗುವ ಫೋಟೊಗಳು. ಕಟ್ಟಡ ನಾಳೆ ಬಿದ್ದರೆ, ಅದು ಹೇಗಿತ್ತು ಅಂತ ಇವುಗಳಿಂದ ಯಾರೂ ತಿಳಿಯಲಾರರು. ಎರಡು ದಿನ ಯಾರ ಹತ್ತಿರವೂ ಮಾತಾಡಲಿಲ್ಲ. ಮೂರನೇ ದಿನ ಹೊಸ ಅರ್ಜಿ ಬರೆದೆ. ಈ ಸಲ ಶುರುವಿನಲ್ಲೇ ಟೇಬಲ್ ಹಾಕಿ.

ಎರಡನೇ ಸುತ್ತು

ಎರಡನೇ ಅನುಮತಿ ಮೂರೇ ವಾರದಲ್ಲಿ ಬಂತು. ಇಪ್ಪತ್ತು ದಿನ ಸಿಕ್ಕಿತು, ಹದಿನೇಳು ಬಳಸಿದೆ. ಈ ಸಲ ಕೆಲಸದ ರೀತಿಯೇ ಬೇರೆ. ಸ್ಟೇಷನ್ ತಲುಪಿದ ಕೂಡಲೇ ಮೊದಲ ಫೋಟೊ ಹಳದಿ ಬೋರ್ಡಿನದು, ಹೆಸರು ಮತ್ತು ಕೆಳಗೆ ಬರೆದಿರುವ ಸಮುದ್ರ ಮಟ್ಟದ ಎತ್ತರದ ಜೊತೆ. ಆ ಬೋರ್ಡ್ ಬಂದರೆ ಅಲ್ಲಿಂದ ಮುಂದಿನದೆಲ್ಲ ಈ ಊರಿನದು ಅಂತ ಅರ್ಥ. ಆಮೇಲೆ ಪ್ಲಾಟ್‌ಫಾರಂ ಮೇಲೆ ನಿಂತು ಎರಡು ತುದಿಯ ಕಡೆಗೂ ಒಂದೊಂದು. ಆಮೇಲೆ ಕಟ್ಟಡದ ನಾಲ್ಕು ಮುಖ, ನೇರವಾಗಿ, ಪಟ್ಟೆ ಕೋಲನ್ನು ಗೋಡೆಗೆ ಒರಗಿಸಿ. ಬೆಳಿಗ್ಗೆ ಒಂದು ಮುಖಕ್ಕೆ ಬಿಸಿಲು, ಸಂಜೆ ಇನ್ನೊಂದಕ್ಕೆ. ಹಾಗಾಗಿ ದಿನಕ್ಕೆ ಎರಡು ಸ್ಟೇಷನ್‌ಗಿಂತ ಜಾಸ್ತಿ ಆಗಲೇ ಇಲ್ಲ. ಈ ದಾರಿಯಲ್ಲಿ ಗಾಡಿಗಳು ಕಡಿಮೆ, ಒಂದು ತಪ್ಪಿದರೆ ಅರ್ಧ ದಿನ ಹೋಯಿತು. ಬೈಕ್ ಇಲ್ಲದೆ ಆಗುವ ಕೆಲಸ ಅಲ್ಲ.

ನೋಟ್‌ಬುಕ್ಕಿನಲ್ಲಿ ಕಟ್ಟಡದ ಒಂದು ಸೊಟ್ಟ ನಕ್ಷೆ, ಅದರ ಮೇಲೆ ಬಾಣ, ಬಾಣದ ಮುಂದೆ ‘ಬಂ’. ಬಂಗಾರಪೇಟೆ.

ಚಿಕ್ಕ ವಸ್ತುಗಳಿಗೆ ಮೊದಲ ಜಾಗ ಕೊಟ್ಟೆ. ಕಟ್ಟಡ ಮುಂದಿನ ವರ್ಷವೂ ಇರುತ್ತದೆ. ತಕ್ಕಡಿ, ಬೆಂಕಿ ಆರಿಸುವ ಮರಳಿನ ಬಕೆಟ್ ನೇತುಹಾಕುವ ಚೌಕಟ್ಟು, ಗಂಟೆ ಬದಲು ತೂಗುಹಾಕಿದ್ದ ಹಳಿಯ ತುಂಡು, ಹಳೇ ಸಿಗ್ನಲ್ ಕೈಮರದ ಮುರಿದ ತೋಳು ಇವೆಲ್ಲ ಒಂದು ಬೆಳಗಿನಲ್ಲಿ ಮಾಯವಾಗುತ್ತವೆ. ಎಲ್ಲಕ್ಕಿಂತ ಖುಷಿ ಕೊಟ್ಟಿದ್ದು ಬೇಲಿ ಕಂಬಗಳು. ಹಳೇ ಕಾಲದಲ್ಲಿ ಸವೆದ ಹಳಿಗಳನ್ನು ಕತ್ತರಿಸಿ ಬೇಲಿಗೆ ನೆಡುತ್ತಿದ್ದರು. ಹಳಿಯ ಹೊಟ್ಟೆಯ ಮೇಲೆ ಅದನ್ನು ಮಾಡಿದ ಕಾರ್ಖಾನೆಯ ಹೆಸರು, ವರ್ಷ ಉಬ್ಬಿಕೊಂಡಿರುತ್ತದೆ. ಹತ್ತಾರು ಸಲ ಬಣ್ಣ ಬಳಿದು ಅಕ್ಷರ ಮುಚ್ಚಿಹೋಗಿರುತ್ತದೆ, ನೇರ ಬೆಳಕಿನಲ್ಲಿ ಏನೂ ಕಾಣುವುದಿಲ್ಲ. ಬೆರಳು ಆಡಿಸಿದರೆ ಗೊತ್ತಾಗುತ್ತದೆ. ಸಂಜೆ ಐದೂವರೆಗೆ ಬಿಸಿಲು ಪಕ್ಕದಿಂದ ಬೀಳುವಾಗ ಕೂತು ಕಾದೆ. ಒಂದು ಕಂಬದ ಮೇಲೆ ಮೊದಲು ‘ಬಿ’ ಎದ್ದಿತು, ಆಮೇಲೆ ಎರಡು ‘ಆರ್’, ಆಮೇಲೆ ಪೂರ್ತಿ ‘ಬ್ಯಾರೋ ಸ್ಟೀಲ್’. ಇಂಗ್ಲೆಂಡಿನ ಉಕ್ಕು, ಈಗ ಒಬ್ಬರ ಎಮ್ಮೆ ಕಟ್ಟುವ ಗೂಟ. ವರ್ಷದ ಅಂಕಿ ನೆಲದೊಳಗೆ ಹೂತುಹೋಗಿತ್ತು. ಎಮ್ಮೆ ಯಜಮಾನರು ಅಗೆಯಲು ಬಿಡಲಿಲ್ಲ. ಬಿಸಿಲು ಇಲ್ಲದ ದಿನ ತೆಳ್ಳನೆ ಹಾಳೆ ಇಟ್ಟು ಪೆನ್ಸಿಲ್ ಉಜ್ಜಿ, ಆ ಹಾಳೆಯ ಫೋಟೊ ತೆಗೆದುಕೊಂಡೆ. ಅದೂ ಚೆನ್ನಾಗಿಯೇ ಬರುತ್ತದೆ.

ಕೆಜಿಎಫ್ ಕವಲಿಗೆ ಕೊನೆಯ ಐದು ದಿನ ಇಟ್ಟುಕೊಂಡಿದ್ದೆ. ಬಂಗಾರಪೇಟೆಯ ಹಳೇ ಹೆಸರು ಬೌರಿಂಗ್‌ಪೇಟೆ. ಊರಿನ ಹೆಸರು ಬದಲಾಗಿ ಎಷ್ಟೋ ಕಾಲವಾದರೂ ರೈಲ್ವೆಯ ಕೋಡು ಇವತ್ತಿಗೂ ‘ಬಿಡಬ್ಲ್ಯುಟಿ’. ಟಿಕೆಟ್ ನೋಡಿ, ಇರುತ್ತದೆ. ಅಲ್ಲಿಂದ ಕೋರಮಂಡಲ್, ಊರಿಗಾಂ, ಚಾಂಪಿಯನ್, ಮಾರಿಕುಪ್ಪಂ. ಹಿಂದೆ ಪಾಳಿಗೆ ಹೋಗುವ ಗಣಿ ಜನ ಓಡಾಡಿದ ದಾರಿ. 2001ರ ಫೆಬ್ರುವರಿ 28ಕ್ಕೆ ಗಣಿ ಮುಚ್ಚಿತು. ಗಾಡಿ ನಿಲ್ಲಲಿಲ್ಲ. ಈಗ ನಸುಕಿಗೇ ಎದ್ದು ಬೆಂಗಳೂರಿಗೆ ಕೆಲಸಕ್ಕೆ ಹೋಗುವವರನ್ನು ತುಂಬಿಕೊಂಡು ಹೋಗುತ್ತದೆ. ಡಬ್ಬಿ ಕಟ್ಟಿಕೊಂಡ ಹೆಂಗಸರು, ಕತ್ತಲಲ್ಲಿ ಸೀಟಿಗೆ ಓಟ, ಒಂದೇ ಮಾತಿನಲ್ಲಿ ತಮಿಳು, ತೆಲುಗು, ಕನ್ನಡ ಮೂರೂ.

ಅಲ್ಲಿ ನನ್ನ ಕ್ಯಾಮೆರಾಗೆ ಸ್ವಾಗತ ಇರಲಿಲ್ಲ. ‘ಎಲ್ಲರೂ ಬಂದು ಪಾಳು ಬಿದ್ದಿದ್ದನ್ನೇ ತೆಗೀತೀರಾ’ ಅಂದರು ಒಬ್ಬ ಅಕ್ಕ. ‘ನಾವಿನ್ನೂ ಇದ್ದೀವಿ ಅಲ್ವಾ?’ ಉತ್ತರ ಹೊಳೆಯಲಿಲ್ಲ. ಕ್ಯಾಮೆರಾ ಒಳಗಿಟ್ಟು ಎರಡು ದಿನ ಸುಮ್ಮನೆ ಅವರ ಜೊತೆ ಗಾಡಿಯಲ್ಲಿ ಬೆಂಗಳೂರಿಗೆ ಹೋಗಿ ಬಂದೆ. ಮೂರನೇ ದಿನ ಅವರೇ ‘ತೆಗಿ ಬಿಡಿ’ ಅಂದರು. ಮುಖ ಕಾಣುವ ಫೋಟೊಗಳನ್ನು ಕೇಳಿಯೇ ತೆಗೆದೆ, ಬೇಡ ಅಂದವರದ್ದು ಅಲ್ಲೇ ಅಳಿಸಿದೆ. ಗಣಿ ಜಾಗದ ಬೇಲಿ ದಾಟಲು ಮಾತ್ರ ಹೋಗಬೇಡಿ. ರೈಲ್ವೆಯ ಅನುಮತಿ ಅಲ್ಲಿ ನಡೆಯುವುದಿಲ್ಲ. ಚಿನ್ನ ತೆಗೆದು ಬಿಟ್ಟ ಗಣಿ ಮಣ್ಣಿನ ಸೈನೈಡ್ ದಿಬ್ಬ ಊರಿನ ರಸ್ತೆಯಿಂದಲೇ ಬೇಕಾದಷ್ಟು ಕಾಣುತ್ತದೆ. ಸಂಜೆ ವಾಪಸ್ ಬರುವಾಗ ಬಂಗಾರಪೇಟೆಯ ಬಿಳಿ ನೀರಿನ ಪಾನಿಪುರಿ ತಿನ್ನದೆ ಬರಬಾರದು. ಇದಕ್ಕೆ ಅನುಮತಿ ಬೇಡ.

ಲೆಕ್ಕ

ಫೋಟೊ ತೆಗೆದು ಮುಗಿಸಿದ ವಾರವೇ ಹಾರ್ಡ್‌ಡಿಸ್ಕ್ ಕೈಕೊಟ್ಟಿತು. ಚಿಂತಾಮಣಿ, ಶಿಡ್ಲಘಟ್ಟ ಎರಡೂ ಅದರಲ್ಲೇ ಇದ್ದವು. ಇನ್ನೊಂದು ಪ್ರತಿ ‘ಭಾನುವಾರ ಮಾಡಿದರಾಯಿತು’ ಅಂತ ಬಿಟ್ಟಿದ್ದೆ. ಬೆಂಗಳೂರಿನ ಒಂದು ಅಂಗಡಿಯವರು 7,500 ರೂಪಾಯಿಗೆ ಮುಕ್ಕಾಲು ಪಾಲು ತೆಗೆದುಕೊಟ್ಟರು. ಉಳಿದಿದ್ದು ಹೋಯಿತು. ನೀವು ಫೋಟೊ ತೆಗೆದ ದಿನ ರಾತ್ರಿಯೇ ಎರಡು ಪ್ರತಿ ಮಾಡಿ, ಎರಡನ್ನೂ ಒಂದೇ ಬ್ಯಾಗಿನಲ್ಲಿ ಇಡಬೇಡಿ. ಫೈಲಿನ ಹೆಸರು ಸ್ಟೇಷನ್ ಕೋಡು, ತಾರೀಕು, ನಂಬರ್ ಅಂತ ಇಟ್ಟರೆ ಸಾಕು. ಕೋಲಾರಕ್ಕೆ ‘ಕೆಕ್ಯೂಝಡ್’, ಮಾರಿಕುಪ್ಪಂಗೆ ‘ಎಂಕೆಎಂ’. ವಿವರವನ್ನು ಅಂದಂದೇ ಬರೆಯಬೇಕು. ಮಾರನೇ ದಿನಕ್ಕೆ ಅರ್ಧ ಮರೆತಿರುತ್ತದೆ, ಅನುಭವದಿಂದ ಹೇಳುತ್ತಿದ್ದೇನೆ.

ದುಡ್ಡಿನ ವಿಷಯ ಎಲ್ಲರೂ ಕೇಳುತ್ತಾರೆ. ಪೆಟ್ರೋಲಿಗೆ 9,400. ರೈಲು, ಬಸ್ಸು, ಪ್ಲಾಟ್‌ಫಾರಂ ಟಿಕೆಟ್ 1,150. ಝೆರಾಕ್ಸು, ಸ್ಪೀಡ್‌ಪೋಸ್ಟು 620. ಎರಡು ಹಾರ್ಡ್‌ಡಿಸ್ಕ್ 9,800, ಕೆಟ್ಟಿದ್ದರಿಂದ ಫೋಟೊ ತೆಗೆಸಿದ್ದು 7,500. ಪ್ರಿಂಟ್ 5,260. ಒಟ್ಟು 33,730 ರೂಪಾಯಿ. ಕ್ಯಾಮೆರಾ ಮೊದಲೇ ಇತ್ತು. ಟೀ, ಊಟ ಲೆಕ್ಕ ಇಟ್ಟಿಲ್ಲ. ಇಟ್ಟಿದ್ದರೆ ಮನೆಯಲ್ಲಿ ತೋರಿಸಲು ಆಗುತ್ತಿರಲಿಲ್ಲ.

ಇಷ್ಟಾಗಿ ಕೈಯಲ್ಲಿರುವುದು ಪೂರ್ತಿ ವಿವರ ಇರುವ 1,140 ಫೋಟೊ. ಮೊದಲ ಸುತ್ತಿನ ಆರುನೂರರಲ್ಲಿ ಉಳಿದಿದ್ದು ತೊಂಬತ್ತು. ಪ್ರಿಂಟ್ ಹಾಕಿಸಿ, ಸಹಾಯ ಮಾಡಿದ ಸ್ಟೇಷನ್ ಮಾಸ್ಟರುಗಳಿಗೆ, ಹಾಲ್ಟ್ ಏಜೆಂಟರಿಗೆ, ಕೆಜಿಎಫ್‌ನ ಆ ಅಕ್ಕನಿಗೆ ಕೊಟ್ಟೆ.

ಕೋಲಾರದ ಹಿರಿಯರ ಮನೆಗೆ ಹೋಗಿದ್ದು ಕೊನೆಗೆ. ಅವರದೊಂದು ಕಟ್ಟು ಬೇರೆ ಮಾಡಿಸಿದ್ದೆ, ಒಂದೊಂದರ ಹಿಂದೆಯೂ ಬಾಣ ಹಾಕಿ. ಅವರು ಮುಂದಿನ ಚಿತ್ರ ನೋಡುವ ಮುಂಚೆ ಹಿಂದೆ ತಿರುಗಿಸಿ ಬಾಣ ನೋಡಿದರು. ಆಮೇಲೆ ಮುಂದೆ. ತಲೆ ಆಡಿಸುತ್ತಾ ಹೋದರು. ಹದಿನಾರನೆಯದಕ್ಕೆ ನಿಲ್ಲಿಸಿದರು. ಸ್ಟೇಷನ್ನಿನಿಂದ ಸ್ವಲ್ಪ ದೂರ ಒಂಟಿಯಾಗಿರುವ, ಕಿಟಕಿಯಿಲ್ಲದ ಸಣ್ಣ ಕಲ್ಲಿನ ಕೋಣೆ. ಹಿಂದೆ ‘ಗೋಡೌನ್’ ಅಂತ ಬರೆದಿದ್ದೆ.

‘ಗೋಡೌನ್ ಅಲ್ಲ ಇದು. ಲ್ಯಾಂಪ್ ರೂಮು. ಸಿಗ್ನಲ್ ದೀಪ, ಸೀಮೆಣ್ಣೆ ಇಡ್ತಿದ್ವಿ. ಅದಕ್ಕೇ ದೂರ ಕಟ್ಟಿರೋದು. ಪೆನ್ ಐತಾ?’

ಕೊಟ್ಟೆ. ಅವರು ‘ಗೋಡೌನ್’ ಹೊಡೆದು ಹಾಕಿ, ನಡುಗುವ ಕೈಯಲ್ಲಿ ‘ಲ್ಯಾಂಪ್ ರೂಮ್’ ಅಂತ ಬರೆದು, ಕೆಳಗೆ ತಮ್ಮ ಸಹಿ ಹಾಕಿ, ಹದಿನೇಳನೆಯದನ್ನು ಕೈಗೆ ತೆಗೆದುಕೊಂಡರು.